ಜೀರುಂಡೆ ಯಾರಿಗೆ ಹೆದರುತ್ತಾಳೆ?

ಮಾರ್ಚ್ ೩, ಸೋಮವಾರ

ಬೆಳಗಿನಿಂದ ಬರೀ ಕೆಳದವಡೆಗಳು. ಮೇಣದಲ್ಲಿ ಹಲ್ಲು ಜೋಡಿಸಿ ಜೋಡಿಸಿ ಬೆರಳ ತುದಿಯೆಲ್ಲ ಗುಲಾಬಿ. ಹಲ್ಲಿನ ಸೆಟ್ ಮಾಡುವ ನಮ್ಮ ಲ್ಯಾಬಿನ ಪಾಲಿಶ್ ಯಂತ್ರದ ಗುಯ್ ಸದ್ದು ಮನೆಗೆ ಬಂದರೂ ಕಿವಿ ಬಿಡಲಿಲ್ಲ. ಚಹಾ ಹಿಡಿದು ಕೂತೆ. ಪೇಪರ್ ಓದುತ್ತಿದ್ದ ನಮ್ಮವರು ಗಟ್ಟಿಯಾಗಿ ಓದಿದರು — ಆ ಹಳೆಯ ಮೇಲ್ ಕಂಪನಿ ಇತ್ತಲ್ಲ, ಯಾರೂ ಬಳಸದ ಅಕೌಂಟುಗಳನ್ನೆಲ್ಲ ತಿಂಗಳ ಕೊನೆಗೆ ಅಳಿಸಿಹಾಕುತ್ತಾರಂತೆ.

"ಹಾಕ್ಲಿ ಬಿಡಿ, ನಮಗೇನು" ಅಂದೆ.

ಅಂದು ಲೋಟ ಕೆಳಗಿಟ್ಟೆ. ಅಯ್ಯೋ. ನಮ್ಮ ಕಥೆ!

ಜೀರುಂಡೆ ಮತ್ತು ನಾನು. ಕಾಲೇಜಿನಲ್ಲಿ ಒಂದೇ ಬೆಂಚು. ಬಾಯಿ ಮುಚ್ಚದ ಹುಡುಗಿ, ಅದಕ್ಕೇ ಆ ಹೆಸರು. ನನ್ನ ನಡಿಗೆ ನೋಡಿ ನನಗೆ ಬಾತು ಎಂದು ಅವಳೇ ಇಟ್ಟಳು. ಇಬ್ಬರೂ ಸೇರಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೆವು. ಒಂದೇ ಅಕೌಂಟು, ಇಬ್ಬರದೂ. ಯಾರಿಗೂ ಕಳಿಸುವುದಿಲ್ಲ — ಒಬ್ಬಳು ಅಧ್ಯಾಯ ಬರೆದು ಡ್ರಾಫ್ಟಿನಲ್ಲಿ ಇಟ್ಟು ಬರುವುದು, ಇನ್ನೊಬ್ಬಳು ತೆರೆದು ಮುಂದಿನದು ಬರೆಯುವುದು.

ಕೊನೆಯ ಅಧ್ಯಾಯ ನನ್ನದು. ಚೆನ್ನಾಗಿ ನೆನಪಿದೆ. ಪಾಳುಬಿದ್ದ ಸಿನಿಮಾ ಟಾಕೀಸು. ಪ್ರೊಜೆಕ್ಟರ್ ಕೋಣೆಯೊಳಗೆ ನಮ್ಮ ಪತ್ತೇದಾರಿಣಿ. ಹೊರಗೆ ಖಳನಾಯಕ, ಕೈ ಚಿಲಕದ ಮೇಲೆ. "ಇನ್ನು ನೀನುಂಟು, ಅವಳುಂಟು" ಎಂದು ಜೀರುಂಡೆಗೆ ಸವಾಲು ಹಾಕಿ, ಹಲ್ಲಿನ ಕೋರ್ಸಿಗೆಂದು ಬೇರೆ ಊರಿಗೆ ಹೊರಟೆ. ಹಾಸ್ಟೆಲಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಆಮೇಲೆ ಕೆಲಸ, ಮದುವೆ, ಮಗಳು...

ಇಪ್ಪತ್ತು ವರ್ಷದಿಂದ ಆ ಹೆಣ್ಣು ಅಲ್ಲೇ ಸಿಕ್ಕಿಬಿದ್ದಿದ್ದಾಳೆ. ಜೀರುಂಡೆ ಹೊರಗೆ ತಂದಳೋ ಇಲ್ಲವೋ?

ಮಾರ್ಚ್ ೪, ಮಂಗಳವಾರ

ಪಾಸ್‌ವರ್ಡ್ ಸುತರಾಂ ನೆನಪಿಲ್ಲ. 'ಮರೆತಿರಾ?' ಒತ್ತಿದೆ. ಅಕೌಂಟ್ ತೆರೆದವಳು ಅವಳು, ಹಾಗಾಗಿ ಕೋಡ್ ಹೋಗುವುದು ಅವರಪ್ಪನ ಹಳೆಯ ನಂಬರಿಗೆ. ಆ ಫೋನ್ ಎಂದೋ ಸತ್ತಿದೆ. ಇನ್ನುಳಿದಿದ್ದು ಭದ್ರತಾ ಪ್ರಶ್ನೆ. ಅದನ್ನೂ ಅವಳೇ ಸ್ವಂತ ಬರೆದಿದ್ದಾಳೆ. ಆಗೆಲ್ಲಿ ಕನ್ನಡ ಟೈಪಿಂಗ್, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:

'ಹೇಳು ನೋಡೋಣ, ನಾನು ಯಾರಿಗೆ ಹೆದರ್ತೀನಿ?'

ನಕ್ಕೆ ನೋಡಿ — ಒಬ್ಬಳೇ, ಕುರ್ಚಿಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು. ಪ್ರಶ್ನೆಯಲ್ಲೂ ಅದೇ ಗತ್ತು.

ಜಿರಲೆ ಎಂದು ಹಾಕಿದೆ. ತಪ್ಪು. ಫಿಸಿಕ್ಸ್ ಮೇಷ್ಟ್ರು. ತಪ್ಪು. ಅಪ್ಪ. ತಪ್ಪು. ಬಾಗಿಲು ಬಂದ್. ಇಪ್ಪತ್ನಾಲ್ಕು ಗಂಟೆ ಬಿಟ್ಟು ಬನ್ನಿ ಅನ್ನುತ್ತದೆ ಮಷೀನು.

ಮಗಳು ಹಿಂದೆ ನಿಂತು ನೋಡುತ್ತಿದ್ದಳು. "ಅಮ್ಮಾ, ಯಾರಿಗೂ ಹೆದರಲ್ಲ ಅಂತ ಇರ್ಬೋದು."

ಅರೆ. ಇರಬಹುದು!

ಮಾರ್ಚ್ ೬, ಗುರುವಾರ

'ಯಾರಿಗೂ ಇಲ್ಲ' — ತಪ್ಪು. 'ದೆವ್ವ' — ತಪ್ಪು. 'ಚಿಕ್ಕಮ್ಮ' — ತಪ್ಪು. ಮತ್ತೆ ಬಂದ್.

ಲ್ಯಾಬಿನಲ್ಲಿ ಇದೇ ಧ್ಯಾನ. ಯಾರದೋ ಎಡಗಡೆಯ ಕೋರೆಹಲ್ಲನ್ನು ಬಲಕ್ಕೆ ಕೂರಿಸಿದ್ದೆ. ಸದ್ಯ, ಅಚ್ಚನ್ನು ಕುದಿಸಿ ಗಟ್ಟಿ ಮಾಡುವ ಮುಂಚೆ ಕಣ್ಣಿಗೆ ಬಿತ್ತು.

ನಮ್ಮವರು ಕೇಳಿದರು, "ಅಲ್ವೇ, ಅವಳನ್ನೇ ಹುಡುಕಿ ಕೇಳ್ಬಾರ್ದಾ?"

ಎಷ್ಟು ಸುಲಭದಲ್ಲಿ ಹೇಳಿಬಿಟ್ಟರು. ಹುಡುಕಿಲ್ಲವೇ? ಫೋನಿನಲ್ಲಿ ಎಷ್ಟೋ ಸಲ ಹೆಸರು ಒತ್ತಿ ನೋಡಿದ್ದೇನೆ. ಸಿಕ್ಕಲಿಲ್ಲ. ಜಗಳ ಆಗಿರಲಿಲ್ಲ, ಏನೂ ಇಲ್ಲ. ಒಂದು ದಿನ ಅವಳ ಕಡೆಯಿಂದ ಫೋನ್ ನಿಂತಿತು, ಅಷ್ಟೆ. ಯಾಕೆ ಅಂತ ಗೊತ್ತಿಲ್ಲ.

ಮಾರ್ಚ್ ೯, ಭಾನುವಾರ

ಹಳೆಯ ಬೀದಿಗೆ ಹೋಗಿದ್ದೆ! ಮಗಳನ್ನೂ ಕರೆದುಕೊಂಡು. ಜೀರುಂಡೆಯವರಿದ್ದ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದ್ದಾರೆ. ಇನ್ನೇನು, ಬಂದ ದಾರಿಗೆ ಸುಂಕವಿಲ್ಲ ಅಂದುಕೊಂಡು ತಿರುಗಿದರೆ — ಮೂಲೆಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ಈಗ ಜೆರಾಕ್ಸ್ ಅಂಗಡಿ, ಗಲ್ಲದ ಮೇಲೆ ಕೈಯಿಟ್ಟು ಕೂತವರು ಜೀರುಂಡೆಯ ಚಿಕ್ಕಮ್ಮ! ತಲೆ ಪೂರ್ತಿ ಬಿಳಿ. ಕಣ್ಣು ಮಾತ್ರ ಅದೇ ಚೂಪು.

ನಾನು ಬಾಯಿ ತೆರೆಯುವ ಮೊದಲೇ ಅಂದರು, "ಬಾತು ತಾನೇ ನೀನು? ರಸ್ತೆ ದಾಟ್ತಿದ್ದಾಗ್ಲೇ ನಡಿಗೆ ನೋಡಿ ಗುರುತು ಹಿಡಿದೆ."

ಮಗಳು ನಕ್ಕಿದ್ದೇ ನಕ್ಕಿದ್ದು. ಮರ್ಯಾದೆ ಮಣ್ಣುಪಾಲು.

"ಅವಳು ಈಗೇನ್ ಮಾಡ್ತಾಳೆ ಚಿಕ್ಕಮ್ಮ?"

"ಮಕ್ಕಳಿಗೆ ಈಜು ಕಲಿಸ್ತಾಳೆ. ದಿನವೆಲ್ಲ ನೀರಿನ ಪಕ್ಕ ನಿಂತು ಕೂಗೋದು. ಅವಳಿಗೆ ಹೇಳಿ ಮಾಡಿಸಿದ ಕೆಲಸ." ನಂಬರ್ ಕೊಡುತ್ತಾ ದನಿ ತಗ್ಗಿಸಿದರು. "ನೀನು ಬಿಟ್ಟು ಹೋದೆ ಅಂತ ಬಹಳ ದಿನ ಮುಖ ಊದಿಸ್ಕೊಂಡಿದ್ಲು ಕಣಮ್ಮ. ಏನ್ ಕೇಳಿದ್ರೂ ಬಾಯಿ ಬಿಡ್ಲಿಲ್ಲ."

ಜೀರುಂಡೆ ಬಾಯಿ ಬಿಡಲಿಲ್ಲವೇ? ಮನೆಗೆ ಬರುವ ತನಕ ಬಸ್ಸಿನಲ್ಲಿ ಅದೇ ಯೋಚನೆ. ನಂಬರ್ ಕೈಯಲ್ಲಿದೆ. ಬೆರಳು ಮುಂದೆ ಹೋಗುತ್ತಿಲ್ಲ.

ಮಾರ್ಚ್ ೧೧, ಮಂಗಳವಾರ

ಮಾಡಿದೆ! ಊಟದ ಬಿಡುವಿನಲ್ಲಿ, ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ, ಏಪ್ರನ್ ತುಂಬ ಪ್ಲಾಸ್ಟರ್ ಧೂಳು.

"ಹಲೋ, ಯಾರು?" ಹಿಂದೆ ಮಕ್ಕಳ ಗಲಾಟೆ, ನೀರು ಬಡಿಯುವ ಸದ್ದು, ಎಲ್ಲ ಗುಂಯ್‌ಗುಡುತ್ತಿತ್ತು.

"ನಾನು... ಬಾತು."

ಪೀಪಿ ಊದಿದಳು. ನಿಜವಾದ ಪೀಪಿ! ಕಿವಿ ಗುಂಯ್ ಅಂತು. ಮಕ್ಕಳೆಲ್ಲ ಒಮ್ಮೆಗೇ ಸುಮ್ಮನಾದರು. "ಎಲ್ಲಾರೂ ನೀರಿಂದ ಮೇಲೆ ಬನ್ನಿ, ಮೇಡಮ್‌ಗೆ ಅರ್ಜೆಂಟ್ ಇದೆ!" ಆಮೇಲೆ ನನಗೆ, "ಎಲ್ಲಿ ಸತ್ತಿದ್ಯೇ ಇಷ್ಟು ವರ್ಷ?"

ಅಳು ಬಂತು, ನಗು ಬಂತು. ಏನೇನು ಮಾತಾಡಿದೆವೋ. ಕಥೆಯ ವಿಷಯ ಹೇಳಿದೆ. ಪ್ರಶ್ನೆ ಓದಿದೆ.

"ನಾನಾ? ಹೆದರೋದಾ? ಯಾವಳು ಬರೆದಿದ್ದು ಅದನ್ನ?"

"ನೀನೇ ಕಣೇ!"

ಅವಳಿಗೂ ನೆನಪಿಲ್ಲ. ಅವಳು ಹೇಳಿದ ಹಾಗೆ ಹಾಕಿದೆ — ಹಲ್ಲಿ. ಗಣಿತದ ಮೇಡಮ್. ಸೋದರತ್ತೆ. ಮೂರೂ ತಪ್ಪು. ಬಂದ್. ಇಬ್ಬರೂ ಬೈದುಕೊಂಡೆವು.

ಆಗ ಕೇಳಿದೆ, "ಅವಳನ್ನ ಪ್ರೊಜೆಕ್ಟರ್ ಕೋಣೆಯಿಂದ ಹೊರಗೆ ತಂದ್ಯಾ, ಇಲ್ವಾ? ಅದನ್ನಾದ್ರೂ ಹೇಳು."

ಜೀರುಂಡೆ ಸುಮ್ಮನಿರುವುದನ್ನು ನಾನು ಕೇಳಿದ್ದು ಇದೇ ಮೊದಲು.

"ಹೊರಗೆ ತಂದೆ ಕಣೇ" ಅಂದಳು. "ಮೂರು ಅಧ್ಯಾಯ ಬರೆದೆ, ಒಬ್ಬಳೇ. ನೀನು ಓದಿ ಒಂದು ಮಾತೂ ಹೇಳ್ಲಿಲ್ಲ. ಕಾದೆ, ಕಾದೆ. ಹಿಡಿಸ್ಲಿಲ್ಲ ಅಂದ್ಕೊಂಡೆ. ಫೋನಲ್ಲಿ ಕೇಳೋಕೆ ಬಾಯೇ ಬರ್ಲಿಲ್ಲ."

"ನಾನು ನೋಡೇ ಇಲ್ವಲ್ಲೇ!"

"ನೋಡಿಲ್ವಾ?"

"ಹಾಸ್ಟೆಲ್‌ನಲ್ಲಿ ಕಂಪ್ಯೂಟರ್ರೇ ಇರ್ಲಿಲ್ಲ! ನೀನು ಬರೆದಿದ್ದೀಯ ಅಂತಾನೂ ಗೊತ್ತಿಲ್ಲ!"

"ಅಯ್ಯೋ ಶಿವನೇ." ಉಸಿರು ಬಿಟ್ಟಳು. "ನೀನು ಗೊತ್ತಲ್ಲ, ಓದಿ ಮುಗಿಸಿ ಮೂಗು ತುರಿಸ್ಕೊಂಡು ಸುಮ್ನೆ ಕೂರೋಳು. ಅಷ್ಟು ಹೊತ್ತು ನನಗೆ ಕೈಕಾಲೆಲ್ಲ ತಣ್ಣಗಾಗಿರೋದು. ಅಪ್ಪನ ಮುಂದೆ ಕೂಡ ನಾನು ಹಂಗೆ ಹೆದ—"

ನಿಲ್ಲಿಸಿದಳು.

"ಏ ಬಾತು" ಅಂದಳು.

"ಹೂಂ" ಅಂದೆ.

ಅಷ್ಟೂ ಪ್ರಯತ್ನ ಆಗಲೇ ಮುಗಿಸಿ ಕೂತಿದ್ದೇವೆ! ನಾಳೆವರೆಗೆ ಕಾಯಬೇಕು. ನಾಳೆವರೆಗೆ!! ಮಧ್ಯಾಹ್ನ ಮಾಡಿದ ಸೆಟ್ಟಿನ ಹಲ್ಲು ಒಂದೂ ನೆಟ್ಟಗಿಲ್ಲ. ನಾಳೆ ಮತ್ತೆ ಮೇಣ ಕರಗಿಸಬೇಕು. ಕರಗಿಸೋಣ.

ಮಾರ್ಚ್ ೧೨, ಬುಧವಾರ, ಸಂಜೆ

ಫೋನ್ ಸ್ಪೀಕರಿನಲ್ಲಿ. ಮಗಳು ಒಂದು ಪಕ್ಕ, ನಮ್ಮವರು ಇನ್ನೊಂದು ಪಕ್ಕ, ಕ್ರಿಕೆಟ್ ಕೊನೆಯ ಓವರ್ ನೋಡುವವರ ಹಾಗೆ.

ಉತ್ತರ ಗೊತ್ತು, ಸ್ಪೆಲಿಂಗ್ ಗೊತ್ತಿಲ್ಲ.

"ಬಿ, ಎ, ಟಿ, ಎಚ್, ಯು" ಅಂದಳು ಜೀರುಂಡೆ.

"ಬಾತ್ ಅಂದ್ರೆ ಸ್ನಾನ ಕಣೇ."

"ನಾನು ಬರೆದಿದ್ದಕ್ಕೆಲ್ಲ ತಪ್ಪು ಹುಡುಕ್ಬೇಡ, ಹಾಕು!"

ತಪ್ಪು.

"ಹಂಗಾದ್ರೆ ಎಚ್ ತೆಗಿ, ಎ ಎರಡು ಹಾಕು." ತಪ್ಪು. ನಮ್ಮವರು ಉಗುರು ಕಚ್ಚತೊಡಗಿದರು. ಉಳಿದದ್ದು ಒಂದೇ.

ಮಗಳು ಮೆಲ್ಲಗೆ ಕೇಳಿದಳು, "ಆಂಟಿ, ಪ್ರಶ್ನೆ ಯಾರಿಗೆ ಅಂತ ಇದೆ. ನೀವು ಬಾತುಗೆ ಅಂತ ಬರೆದಿದ್ರಾ?"

ಬಿ, ಎ, ಎ, ಟಿ, ಯು, ಜಿ, ಇ. ಒತ್ತಿದೆ. ಕಣ್ಣು ಮುಚ್ಚಿಕೊಂಡೆ.

ಮಗಳ ಕಿರುಚಾಟದಿಂದಲೇ ತಿಳಿಯಿತು.

ತೆರೆಯಿತು! ತೆರೆಯಿತು! ಡ್ರಾಫ್ಟುಗಳು ಸಾಲಾಗಿ ಕೂತಿವೆ, ಎಲ್ಲವೂ! ಆ ಕಡೆ ಜೀರುಂಡೆ ಪೀಪಿ ಬಿಡದೆ ಊದುತ್ತಿದ್ದಳು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ನೋಡಲಿ.

ಮೂರು ಅಧ್ಯಾಯ ಗಟ್ಟಿಯಾಗಿ ಓದಿದೆ. ಹೊರಗೆ ತಂದದ್ದು ಹೇಗೆ ಗೊತ್ತೇ? ಬಾಗಿಲು ಮುಚ್ಚುವಷ್ಟರಲ್ಲಿ ಖಳನಾಯಕ ಸೀನುತ್ತಾನೆ. ಹಲ್ಲಿನ ಸೆಟ್ ಹಾರಿ ಬಾಗಿಲ ಸಂದಿಗೆ ಸಿಕ್ಕುತ್ತದೆ. ಚಿಲಕ ಬೀಳುವುದಿಲ್ಲ! ನಾನು ಹಲ್ಲಿನ ಕೋರ್ಸಿಗೆ ಹೋದೆನಲ್ಲ, ಅದಕ್ಕೆ ಅವಳ ಕಡೆಯ ಉಡುಗೊರೆಯಂತೆ.

ಕೊನೆಯ ಡ್ರಾಫ್ಟ್ ಅಧ್ಯಾಯವಲ್ಲ. ಒಂದೇ ಸಾಲು. 'ಬಾತು, ಚೆನ್ನಾಗಿಲ್ವಾ? ಹೇಳೇ.'

ಅದನ್ನು ಗಟ್ಟಿಯಾಗಿ ಓದಲಾಗಲಿಲ್ಲ. ಮಗಳು ಓದಿದಳು. ಫೋನಿನಲ್ಲಿ ಅವಳು ಮೂಗೆಳೆದುಕೊಂಡದ್ದು ಕೇಳಿಸಿತು.

"ಬಹಳ ಚೆನ್ನಾಗಿದೆ ಕಣೇ" ಅಂದೆ. ಇಪ್ಪತ್ತು ವರ್ಷ ತಡ, ಆದರೂ ಅಂದೆ. ಆದರೆ ಸುಮ್ಮನಿರಲಾಗಲಿಲ್ಲ. "ಒಂದೇ ಒಂದು. ಆ ಸೆಟ್ ಬಾಗಿಲಿಗೆ ಸಿಕ್ಕಿದ್ರೆ ಪುಡಿಪುಡಿ ಆಗತ್ತೆ."

"ನೋಡು! ಇದಕ್ಕೇ! ಇದಕ್ಕೇ ನಾನು ಹೆದರಿದ್ದು!"

ಮಾರ್ಚ್ ೧೬, ಭಾನುವಾರ

ನಾಲ್ಕು ದಿನದಿಂದ ಬರೆಯುತ್ತಿದ್ದೇನೆ — ದಿನಚರಿಯಲ್ಲ, ಅಧ್ಯಾಯ! ಲ್ಯಾಬಿನಿಂದ ಬಂದ ಕೂಡಲೇ ಕೂರುವುದು. ಪತ್ತೇದಾರಿಣಿಗೂ ಈಗ ನಲವತ್ತು. ಓದುವ ಕನ್ನಡಕ ಬಂದಿದೆ, ಮೆಟ್ಟಿಲು ಹತ್ತಿದರೆ ಮಂಡಿ ನೋವು. ಟಾಕೀಸಿನ ಟೆರೇಸಿಗೆ ತಂದು ನಿಲ್ಲಿಸಿದ್ದೇನೆ. ಕೆಳಗೆ ಹೇಗೆ ಇಳಿಯುತ್ತಾಳೋ ನನಗೇನು ಗೊತ್ತು, ಅದು ಜೀರುಂಡೆಯ ಪಾಡು.

ಡ್ರಾಫ್ಟಿನಲ್ಲಿ ಇಡುತ್ತೇನೆ ಅಂದರೆ ಕೇಳಲಿಲ್ಲ. "ನಾನೇ ಬರ್ತೀನಿ. ಎದುರಿಗೆ ಕೂತು ಓದ್ಬೇಕು. ನಾನು ಮೂಗು ತುರಿಸ್ಕೋತೀನಿ, ನೀನು ಬೆವರು!" ಬೆಳಗಿನ ರೈಲು ಹತ್ತಿದ್ದಾಳೆ. ನಮ್ಮವರು ಸ್ಟೇಷನ್ನಿಗೆ ಹೋಗಿದ್ದಾರೆ, ಗುರುತು ಹೇಗೆ ಹಿಡಿಯಲಿ ಎಂದು ಕೇಳುತ್ತಾ. ಕಿವಿ ಕೊಟ್ಟು ನಿಂತಿರಿ ಸಾಕು ಅಂದೆ.

ಸೀರೆ ಎರಡು ಸಲ ಬದಲಾಯಿಸಿದೆ. ಕೂದಲಿನ ಪ್ಲಾಸ್ಟರ್ ಪುಡಿ ಪೂರ್ತಿ ಹೋಗಿದೆಯೇ ಎಂದು ಮಗಳನ್ನು ಕೇಳಿದೆ. "ಅಮ್ಮಾ, ಕೂತ್ಕೋ" ಅಂದಳು. ಕೂರಲು ಆಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಟೋ ನಿಂತ ಸದ್ದು. ಇಳಿಯುವ ಮೊದಲೇ ಮಾತು ಶುರುವಾಗಿದೆ, ಬೀದಿಗೆಲ್ಲ ಕೇಳಿಸುತ್ತಿದೆ — ಪಾಪ ಆಟೋದವನು. ಕರೆಗಂಟೆಯ ಮೇಲಿನ ಬೆರಳು ತೆಗೆಯುತ್ತಲೇ ಇಲ್ಲ.

ಬಂದೆ ಕಣೇ, ಬಂದೆ, ಬಂ—