ಬಫಾತಾದಿಂದ ಬಂದವಳು

ಅಕ್ಟೋಬರ್ 7, ಸೋಮವಾರ. ಸಂಜೆ 6

ಇವತ್ತು ಬಂದರಿಗೆ ಎರಡು ಪ್ರವಾಸಿ ಹಡಗು. ನನ್ನ ಪಾಲಿಗೆ ಇಪ್ಪತ್ತಾರು ಜನ. ಕೋಟೆ ಬಾಗಿಲಲ್ಲಿ ಮುಕ್ಕಾಲು ಗಂಟೆ ಸಾಲು. 28ನೇ ನಂಬರ್ ಟ್ರಾಮಿಗೆ ಹತ್ತಿಸಲು ಆಗಲೇ ಇಲ್ಲ — ಎಲ್ಲರನ್ನೂ ಅಲ್ಫಾಮಾದ ಮೆಟ್ಟಿಲಲ್ಲೇ ಇಳಿಸಿದೆ. ಕೆಳಗಿನ ನೋಟ ಕಾಣುವ ಸಾಂತಾ ಲುಝೀಯಾ ಕಟ್ಟೆಯ ಮೇಲೆ ನಿಂತು ಒಬ್ಬಾಕೆ ಕೇಳಿದಳು, ಎದುರಿಗಿರುವುದು ಸಮುದ್ರವೇ ಎಂದು. ಇಪ್ಪತ್ತು ವರ್ಷದಿಂದ ಇದೇ ಪ್ರಶ್ನೆ. ನದಿ ಎಂದೆ. ನಂಬಲಿಲ್ಲ.

ಅಪ್ಪನ ಮಾತ್ರೆ ಮುಗಿದಿದೆ, ನಾಳೆ ತರಬೇಕು. ಎದೆಗೆ ಸ್ಟೆಂಟ್ ಹಾಕಿಸಿ ಎರಡು ವರ್ಷವಾಯಿತು. ಈಗಲೂ ಅಪ್ಪ ಫೋನ್ ಎತ್ತುವುದು ತಡವಾದರೆ ಮತ್ತೆ ಮತ್ತೆ ಮಾಡುತ್ತಲೇ ಇರುತ್ತೇನೆ. ಮಧ್ಯಾಹ್ನ ಮೂರು ಸಲ ಮಾಡಿದೆ. ಗ್ರಾಸಾ ಕಟ್ಟೆಯಲ್ಲಿ ಇಸ್ಪೀಟಾಡುತ್ತಿದ್ದನಂತೆ. ಮಾಮೂಲು.

ಹೊಸ ಬುಕಿಂಗ್ ಬಂದಿದೆ. ಒಬ್ಬಳೇ ಹೆಂಗಸು. ಮೂರು ದಿನ. 'ಎತ್ತರದ ಜಾಗಗಳು ಸಾಕು, ಇಡೀ ಲಿಸ್ಬನ್ ಕಾಣುವಂಥವು. ಗೈಡ್ ಫಿಲಿಪಾ ಸಾಲ್ಗೆಯ್ರು ಅವರೇ ಆಗಬೇಕು, ಬೇರೆ ಯಾರೂ ಬೇಡ.' ಹೆಸರು ಜೆನಾಬು ಬಾಲ್ದೆ. ಊರು ಬಫಾತಾ, ಗಿನಿ-ಬಿಸಾವ್.

ನನ್ನ ಹೆಸರು ಅಲ್ಲಿಯವರೆಗೆ ಹೇಗೆ ಹೋಯಿತು?

ಅಕ್ಟೋಬರ್ 9, ಬುಧವಾರ. ಸಂಜೆ 5

ಸಾಂವ್ ಪೆದ್ರು ಕಟ್ಟೆಯಲ್ಲಿ ಭೇಟಿ. ನನಗಿಂತ ಮೊದಲೇ ಬಂದು ಕಂಬಿ ಹಿಡಿದು ನಿಂತಿದ್ದಳು. ಐವತ್ತರ ಸುಮಾರು. ತಲೆಗೆ ಹಳದಿ ಬಟ್ಟೆ. ಬಣ್ಣ ತಿಳಿ, ಮೂಗಿನ ಮೇಲೆ ಚುಕ್ಕೆಗಳು. ಪ್ರಾಥಮಿಕ ಶಾಲೆಯ ಟೀಚರಂತೆ. ಚಿಕ್ಕಮ್ಮನ ಮಗಳ ಮದುವೆಗೆಂದು ಬಂದಿದ್ದಾಳೆ, ಊರಾಚೆ ಅಮಾದೋರಾದಲ್ಲಿ ಇಳಿದುಕೊಂಡಿದ್ದಾಳೆ. ಪೋರ್ಚುಗೀಸನ್ನು ನನಗಿಂತ ಶುದ್ಧವಾಗಿ ಮಾತಾಡುತ್ತಾಳೆ.

"ಫೋಟೊ ತೆಗೀಲಾ ನಿಮ್ದು?" ಎಂದೆ.

"ಬೇಡಮ್ಮ. ಫೋನ್ ತುಂಬ ಮೊಮ್ಮಕ್ಕಳೇ ಇದಾರೆ, ಲಿಸ್ಬನ್‌ಗೆ ಜಾಗ ಇಲ್ಲ."

ನಕ್ಕೆ. ಎದುರಿನ ಗುಡ್ಡದ ಕೋಟೆ ತೋರಿಸಿದೆ, ಭೂಕಂಪದ ಕಥೆ ಹೇಳಿದೆ. ಅವಳ ಕಣ್ಣು ಕೋಟೆಯ ಮೇಲಿರಲಿಲ್ಲ. ಅದರ ಎಡಕ್ಕೆ, ಗ್ರಾಸಾ ಚರ್ಚಿನ ಸುತ್ತಲಿನ ಹೆಂಚುಗಳ ಮೇಲಿತ್ತು.

"ಅದರಲ್ಲಿ ನಿಮ್ಮನೆ ಯಾವುದು?"

ನಾನು ಬೇರೆ ಕಡೆ ಕೈ ತೋರಿಸಿದೆ. ಯಾಕೆ ಸುಳ್ಳು ಹೇಳಿದೆನೋ. ಬಾಯಿಗೆ ಬಂದುಬಿಟ್ಟಿತು.

"ನಿಮ್ಮ ತಂದೆತಾಯಿ ಇದಾರಾ?"

ಇದ್ದಾರೆ ಎಂದೆ. ತಕ್ಷಣ ಬೇರೆ ಮಾತು ತೆಗೆದೆ.

ಆಮೇಲೆ ಕಾಫಿ. ಬಟ್ಟಲು ಎತ್ತಿದಳು. ಕಿರುಬೆರಳು ಪಕ್ಕದ ಬೆರಳಿನ ಕಡೆಗೆ ಬಾಗಿತ್ತು, ಕೊಕ್ಕೆಯ ಹಾಗೆ. ಇನ್ನೊಂದು ಕೈ ನೋಡಿದೆ. ಅದೂ ಹಾಗೆಯೇ. ನನ್ನ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡೆ.

ನನ್ನವೂ ಹಾಗೇ ಇವೆ. ಅಪ್ಪನವೂ.

ಅಪ್ಪ ಯುದ್ಧಕ್ಕೆ ಗಿನಿಗೆ ಹೋಗಿದ್ದ. 71ರಿಂದ 73ರವರೆಗೆ, ಅದು ಇನ್ನೂ ಪೋರ್ಚುಗಲ್ಲಿನ ವಸಾಹತಾಗಿದ್ದಾಗ. ಅದಕ್ಕಿಂತ ಹೆಚ್ಚು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ, ಯಾರೂ ಹೇಳಿಲ್ಲ. ಬುಕಿಂಗ್ ಫಾರಂನಲ್ಲಿ ಅವಳ ಹುಟ್ಟಿದ ತಾರೀಕು ಇದೆ. ನೋಡಬಾರದು ಅಂದುಕೊಂಡೆ. ನೋಡಿದೆ. ಡಿಸೆಂಬರ್ 73.

ಎಷ್ಟೋ ಜನರ ಬೆರಳು ಹೀಗಿರುತ್ತದೆ. ಇರಬಹುದು.

ಅಕ್ಟೋಬರ್ 10, ಗುರುವಾರ. ಮಧ್ಯಾಹ್ನ 3

ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ.

ಬೆಳಿಗ್ಗೆ ಬೆಲೆಂ. ನಾವಿಕರ ಸ್ಮಾರಕದ ಲಿಫ್ಟ್ ಹತ್ತಿ ಮೇಲೆ ಹೋದೆವು. ಗಾಳಿ ಜೋರು. ಒಂದು ಕಡೆ ಸೇತುವೆ, ಆಚೆ ದಡದಲ್ಲಿ ಕೈ ಚಾಚಿದ ಕ್ರಿಸ್ತ, ಇನ್ನೊಂದು ಕಡೆ ಬೆಲೆಂ ಗೋಪುರ. ನಾನು ಒಂದೇ ಸಮ ಮಾತಾಡುತ್ತಿದ್ದೆ. ಬಿಡುವು ಕೊಟ್ಟರೆ ಅವಳು ಏನಾದರೂ ಕೇಳಿಬಿಟ್ಟಾಳೆಂದು.

ಇಳಿದ ಮೇಲೆ ಅವಳೇ ಹೇಳಿದಳು: "ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಗೋಡೆ ಇಲ್ಲೇ ಎಲ್ಲೋ ಇದೆಯಲ್ಲ. ಅಲ್ಲಿಗೆ ಹೋಗೋಣ."

ಪ್ರವಾಸಿಗಳು ಯಾರೂ ಕೇಳದ ಜಾಗ. ಕರೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡಳು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ಮಕ್ಕಳಿಗೆ ಓದು ಕಲಿಸುವಂತೆ, ತುಟಿಯಲ್ಲೇ ಓದುತ್ತಾ ಹೋದಳು. ಅರ್ಧ ಗಂಟೆಗೂ ಹೆಚ್ಚು. ನಾನು ಹಿಂದೆ ನಿಂತಿದ್ದೆ.

"ಯಾರ ಹೆಸರು ಹುಡುಕ್ತಿದೀರಿ? ನಾನೂ ನೋಡ್ತೀನಿ."

"ಸಿಗಬಾರದು ಅಂತ ಹುಡುಕ್ತಿದೀನಿ."

ಕೊನೆಯ ಸಾಲು ಮುಗಿಸಿ ಕನ್ನಡಕ ತೆಗೆದಳು. "ಇಲ್ಲ. ನಮ್ಮಮ್ಮನಿಗೆ 81ರಲ್ಲಿ ಪತ್ರ ಬಂದಿತ್ತು, ನನ್ನ ತಂದೆ ತೀರಿಕೊಂಡರು ಅಂತ. ನಾನು ಏಳು ವರ್ಷದವಳು. ಅಮ್ಮ ಕೊನೇವರೆಗೂ ನಂಬಿದ್ದಳು. ನಾನೂ ನಂಬಿದ್ದೆ. ಆಮೇಲೆ ಇದು ಸಿಕ್ತು."

ಫೋನ್ ನನ್ನ ಮುಂದೆ ಹಿಡಿದಳು. ಅಪ್ಪನ ಪಡೆಯವರು ವರ್ಷಕ್ಕೊಮ್ಮೆ ಸೇರಿ ಮಾಡುವ ಊಟದ ಫೋಟೊ. ಯಾರೋ ಎಲ್ಲರ ಹೆಸರು ಬರೆದು ಇಂಟರ್‌ನೆಟ್ಟಿಗೆ ಹಾಕಿದ್ದರು. ಮಧ್ಯದಲ್ಲಿ ಅಪ್ಪ, ಕೈಯಲ್ಲಿ ಗ್ಲಾಸು. ಕೆಳಗೆ ನನ್ನ ಹೆಸರಿನಲ್ಲಿ ನಾನೇ ಬರೆದ ಸಾಲು — 'ನಮ್ಮಪ್ಪ ಯುದ್ಧಕ್ಕೆ ಹೇಗೆ ಹೋದರೋ ಗೊತ್ತಿಲ್ಲ, ಊಟಕ್ಕೆ ಮಾತ್ರ ಯಾವಾಗಲೂ ಮೊದಲು.'

"ನಿಮಗೆ ಏನು ಬೇಕು?" ಎಂದೆ. ಅಂಗಡಿಯವರು ಕೇಳುವ ಹಾಗೆ ಕೇಳಿದೆ. ನಾಚಿಕೆಯಾಗುತ್ತದೆ.

"ಕಾಗದಪತ್ರ ಬೇಡ, ನನ್ನ ಹೆಸರಿನ ಜೊತೆ ಅವರ ಹೆಸರೂ ಬೇಡ. ಮುಖ ನೋಡಬೇಕು. ಚಿಕ್ಕವಳಿದ್ದಾಗ ಊರ ಮಕ್ಕಳೆಲ್ಲ ನನ್ನನ್ನ ಬಿಳಿ ಸಿಪಾಯಿಯ ಉಳಿಕೆ ಅಂತ ಕರೀತಿದ್ರು. ಆ ಸಿಪಾಯಿ ಹೇಗಿದಾನೆ ಅಂತ ನೋಡಬೇಕು, ಅಷ್ಟೇ."

"ಅವರಿಗೆ ಹೃದಯದ ತೊಂದರೆ. ಅಮ್ಮ ಇದ್ದಾಳೆ. ನೀವು ಹೇಳೋದು ನಿಜ ಅಂತ ನಾನು ಹೇಗೆ ನಂಬಲಿ?"

"ನಿನ್ನೆ ನನ್ನ ಬೆರಳು ನೋಡಿ ನಿಮ್ಮ ಕೈ ಬಚ್ಚಿಟ್ಟುಕೊಂಡ್ರಲ್ಲ," ಎಂದಳು. ಬೇಸರವಿಲ್ಲದ ದನಿಯಲ್ಲಿ.

ಬೇರೆ ಕೆಲಸವಿದೆ ಎಂದು ಹೊರಟುಬಂದೆ. ಅವಳನ್ನು ಅಲ್ಲೇ, ಆ ಗೋಡೆಯ ಪಕ್ಕದಲ್ಲೇ ಬಿಟ್ಟು.

ಅಕ್ಟೋಬರ್ 11, ಶುಕ್ರವಾರ

ಮೂರನೆಯ ದಿನದ ಟೂರ್ ರದ್ದು ಮಾಡಿದೆ. ಜ್ವರ ಎಂದು ಮೆಸೇಜು.

ಅವಳ ಉತ್ತರ: 'ಹುಷಾರಾಗಿರಿ. ಬಿಸಿನೀರು ಕುಡಿಯಿರಿ. ನಾನು 18ರ ಮಧ್ಯಾಹ್ನದವರೆಗೆ ಇರುತ್ತೇನೆ.'

ಬೈದಿದ್ದರೆ ವಾಸಿಯಿತ್ತು.

ಅಕ್ಟೋಬರ್ 13, ಭಾನುವಾರ. ಸಂಜೆ

ಊಟ ಅಮ್ಮನ ಮನೆಯಲ್ಲಿ. ಉಪ್ಪುಮೀನು, ಆಲೂಗಡ್ಡೆ. ಅಪ್ಪ ಎರಡು ಸಲ ಬಡಿಸಿಕೊಂಡ. ಮೀನಿನ ಮುಳ್ಳು ಬಿಡಿಸುವ ಅವನ ಬೆರಳುಗಳನ್ನೇ ನೋಡುತ್ತಿದ್ದೆ.

ಅಪ್ಪ ಮಲಗಿದ ಮೇಲೆ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಾ, ಏನೋ ನೆನಪಾದವಳ ಹಾಗೆ ಕೇಳಿದೆ: "ಅಮ್ಮ, ಅಪ್ಪ ಗಿನಿಯಲ್ಲಿ ಯಾವ ಊರಲ್ಲಿದ್ದರು?"

ಅಮ್ಮ ನಲ್ಲಿ ನಿಲ್ಲಿಸಿದಳು.

"ಯಾರು ಬಂದಿದಾರೆ?" ಎಂದಳು.

ಎಲ್ಲ ಹೇಳಿದೆ. ಅಮ್ಮ ಸ್ಟೂಲಿನ ಮೇಲೆ ಕೂತಳು. ನಮ್ಮಮ್ಮ ಲುಸಿಂದಾ ಸಾಲ್ಗೆಯ್ರು ಕೂತು ಮಾತಾಡುವುದನ್ನು ನಾನು ನೋಡಿದ್ದೇ ಕಡಿಮೆ.

"ಪತ್ರ ಬಂದಾಗ ನಿನಗೆ ಎರಡು ವರ್ಷ. ಅವಳಮ್ಮ ಯಾರೋ ಪಾದ್ರಿ ಕೈಲಿ ಬರೆಸಿದ್ದಳು. ಮಗಳಿದ್ದಾಳೆ, ಅವಳು ಕೇಳ್ತಾಳೆ, ಒಂದು ಫೋಟೊ ಕಳಿಸಿ ಅಂತ. ಬೇರೇನೂ ಕೇಳಿರಲಿಲ್ಲ. ನಿಮ್ಮಪ್ಪ ಕೆಲಸಕ್ಕೆ ಹೋಗಿದ್ದರು. ನಾನೇ ಒಡೆದೆ."

"ಅಮ್ಮ."

"ಸತ್ತ ಅಂತ ಬರೆದೆ. ಒಂದೇ ಸಾಲು. ಸಹಿ ಹಾಕಲಿಲ್ಲ. ಬಂದ ಪತ್ರ ಒಲೆಗೆ ಹಾಕಿದೆ." ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು, ಒಣಗಿದ ಕೈಯನ್ನೇ. "ಅವರಿಗೆ ಇವತ್ತಿಗೂ ಗೊತ್ತಿಲ್ಲ ಪೀಪಾ," ಎಂದಳು, ಮನೆಯಲ್ಲಿ ನನ್ನನ್ನು ಕರೆಯುವ ಹೆಸರು ಹಿಡಿದು. "ನಿನಗೆ ಕೈ ಮುಗೀತೀನಿ."

ಏನು ಬೇಡಿಕೊಂಡಳು ಎಂದು ಹೇಳಲಿಲ್ಲ. ಹೇಳಬೇಡ ಎಂದೋ, ಹೇಳು ಎಂದೋ.

ಅಕ್ಟೋಬರ್ 15, ಮಂಗಳವಾರ. ಸಂಜೆ 7

ಹೇಳಿದೆ. ಅಪ್ಪನಿಗೆ. ಪತ್ರದ ವಿಷಯ ಬಿಟ್ಟು.

ಎರಡು ದಿನದಿಂದ ತಲೆಯಲ್ಲಿ ಒಂದೇ — ಹೇಳಿ ಅವನಿಗೆ ಏನಾದರೂ ಆದರೆ? ಹೇಳದೆ ಏನಾದರೂ ಆದರೆ? ಅವನ ಡಾಕ್ಟರಿಗೆ ಫೋನ್ ಮಾಡಿ, ಕೆಟ್ಟ ಸುದ್ದಿ ಹೇಳಬಹುದೇ ಎಂದು ಕೇಳಿದೆ. 'ಕೆಟ್ಟದ್ದಾ?' ಎಂದರು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಗ್ರಾಸಾ ಕಟ್ಟೆ. ಪೈನ್ ಮರದ ಕೆಳಗೆ ಅವರ ನಾಲ್ಕು ಜನರ ಆಟ. ಅಪ್ಪನ ಜೊತೆಗಾರ ಆರ್ಮಿಂದು ನನ್ನ ನೋಡಿ, "ಬಾರಮ್ಮ, ನಿಮ್ಮಪ್ಪನ್ನ ಮನೆಗೆ ಕರ್ಕೊಂಡು ಹೋಗು. ಎಂಟು ಎಸೆಯೋ ಕಡೆ ರಾಜನ್ನ ಎಸೀತಾನೆ. ಇವನ ಜೊತೆ ಆಡೋದಕ್ಕಿಂತ ಪಾರಿವಾಳದ ಜೊತೆ ಆಡಬಹುದು," ಎಂದ.

ಅಪ್ಪನನ್ನು ಕಂಬಿಯ ಹತ್ತಿರ ಕರೆದೆ. ಮಾತ್ರೆ ನುಂಗಿದೆಯಾ ಎಂದು ಕೇಳಿದೆ. ನುಂಗಿದ್ದೇನೆ ಎಂದ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಕಂಬಿ ಹಿಡಿದ. ನಾನು ಅವನ ತೋಳು ಹಿಡಿದೆ. ಮುಖದ ಬಣ್ಣ ನೋಡುತ್ತಿದ್ದೆ, ತುಟಿ ನೋಡುತ್ತಿದ್ದೆ. ಫೋನಿನಲ್ಲಿ 112 ಒತ್ತಿಟ್ಟುಕೊಂಡಿದ್ದೆ.

"ಹೆಣ್ಣಾ?" ಎಂದ.

"ಹೂಂ."

"ಬಿಂತಾ ಅಂತ ಅವಳಮ್ಮ. ನಮ್ಮ ಕ್ಯಾಂಪಿನ ಬಟ್ಟೆ ಒಗೀತಿದ್ದಳು. ಹಡಗು ಹತ್ತುವಾಗ ಏಳು ತಿಂಗಳು. ಗೊತ್ತಿತ್ತು ಪೀಪಾ. ಗೊತ್ತಿಲ್ಲದೆ ಬಂದವನಲ್ಲ ನಾನು." ಉಸಿರು ಎಳೆದುಕೊಂಡ. "ಹೋಗಿ ಬರೀತೀನಿ ಅಂದೆ. ಬರೀಲಿಲ್ಲ."

ಹಿಂದಿನಿಂದ ಆರ್ಮಿಂದು ಅಪ್ಪನನ್ನು ಕೂಗಿದ: "ಅಮಾದೆವು, ಎಲೆ ಹಾಕ್ತೀಯೋ ಇಲ್ವೋ?"

ಅಪ್ಪ ಕೈಯಲ್ಲಿದ್ದ ಎಲೆಗಳನ್ನು ಅವನ ಮುಂದಿಟ್ಟು ಮನೆಯ ಕಡೆ ನಡೆದ. ನಾನು ಹಿಂದೆಯೇ. ದಾರಿಯಲ್ಲಿ ಒಂದೇ ಮಾತು: "ಯಾವಾಗ ಹೋಗ್ತಾಳೆ?"

ಜೆನಾಬುಗೆ ಬರೆದೆ: 'ಮೂರನೆಯ ದಿನ ಬಾಕಿ ಇದೆ. ಗುರುವಾರ ಮೂರು ಗಂಟೆ. ಸೆನ್ಯೋರಾ ದು ಮೊಂತ್ ಕಟ್ಟೆ.'

ಅಕ್ಟೋಬರ್ 17, ಗುರುವಾರ. ಬೆಳಿಗ್ಗೆ 10

ಅಪ್ಪ ಎಂಟಕ್ಕೇ ಕ್ಷೌರಕ್ಕೆ ಹೋಗಿ ಬಂದ. ಕೆನ್ನೆಯಲ್ಲಿ ಗಾಯ. ಮೂರು ಅಂಗಿ ಬದಲಾಯಿಸಿದ. ಅಮ್ಮ ಯಾವುದನ್ನೂ ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ನಾನು ಬರಲ್ಲ ಎಂದಷ್ಟೇ ಹೇಳಿ ಇಸ್ತ್ರಿ ಹಾಕುತ್ತಾ ನಿಂತಳು.

ಪತ್ರದ ವಿಷಯ ಜೆನಾಬು ತೆಗೆದೇ ತೆಗೆಯುತ್ತಾಳೆ. ಅಪ್ಪ ಕೇಳೇ ಕೇಳುತ್ತಾನೆ. ಆಗ ನಾನು ಯಾರ ಮುಖ ನೋಡಲಿ? ಬೆಳಿಗ್ಗೆಯಿಂದ ನೀರು ಬಿಟ್ಟು ಬೇರೇನಿಲ್ಲ.

ಅದೇ ದಿನ. ಸಂಜೆ 6

ಬರೆಯಲೇಬೇಕು, ಇಲ್ಲದಿದ್ದರೆ ನಾಳೆಗೆ ಬೇರೆಯಾಗಿಬಿಡುತ್ತದೆ.

ಮೊದಲು ಸೆನ್ಯೋರಾ ದು ಮೊಂತ್. ಊರಿನ ಅತಿ ಎತ್ತರದ ಕಟ್ಟೆ. ಜೆನಾಬುವಿನ ಮುಂದೆ ಇಡೀ ಲಿಸ್ಬನ್ ಬಿದ್ದಿತ್ತು. ಒಂದು ಸಲವೂ ನೋಡಲಿಲ್ಲ. "ಬೇಗ ಹೋಗೋಣ," ಎಂದಳು. ಇಳಿಜಾರಿನಲ್ಲಿ ನನ್ನ ತೋಳು ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.

ಗ್ರಾಸಾ ಕಟ್ಟೆಯಲ್ಲಿ ಅಪ್ಪ ಬೆಂಚಿನಿಂದ ಎದ್ದು ನಿಂತಿದ್ದ. ಸ್ನೇಹಿತರನ್ನು ಆಚೆ ಕಳಿಸಿದ್ದ. ಇಬ್ಬರೂ ಮೂರು ಹೆಜ್ಜೆ ದೂರದಲ್ಲೇ ನಿಂತರು. ಅವಳು ಅವನ ಮುಖ ನೋಡಿದಳು — ಆ ಗೋಡೆಯನ್ನು ಓದಿದ ಹಾಗಲ್ಲ, ಅವಸರದಲ್ಲಿ, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ.

"ಬಿಂತಾ?" ಎಂದ ಅಪ್ಪ.

"ತೀರಿಕೊಂಡಳು. ಎಂಟು ವರ್ಷ ಆಯ್ತು."

ಅಪ್ಪ ಕೂತ. ಅವಳು ಪಕ್ಕದಲ್ಲಿ ಕೂತಳು. ನಾನು ಎಡಗಡೆ, ಅವನ ಉಸಿರು ಎಣಿಸುತ್ತಾ.

"ಕ್ಷಮಿಸು ಅಂತ ಕೇಳೋ ಯೋಗ್ಯತೆ ನನಗಿಲ್ಲ," ಎಂದ.

"ಕೇಳಬೇಡಿ ಹಾಗಾದ್ರೆ. ಸ್ವಲ್ಪ ಹೊತ್ತು ಕೂತಿರಿ." ಆಮೇಲೆ ಹೇಳಿದಳು: "ನಾವು ನೀವು ಸತ್ತಿದೀರಿ ಅಂತ ತಿಳಿದಿದ್ವಿ. ಪತ್ರ ಬಂದಿತ್ತು."

"ಯಾವ ಪತ್ರ?"

"ಲಿಸ್ಬನ್ ಅಂಚೆ ಮುದ್ರೆ. 81ರಲ್ಲಿ. ಹೆಂಗಸಿನ ಕೈಬರಹ."

ಅಪ್ಪ ನನ್ನ ಕಡೆ ತಿರುಗಿದ. ನಾನು ಸೇತುವೆ ನೋಡಿದೆ. ಕೆಂಪು ಸೇತುವೆ, ಅದರ ಕೆಳಗೆ ಒಂದು ದೋಣಿ. ಅವನಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಈಗ ಎದೆ ಹಿಡಿದುಕೊಳ್ಳುತ್ತಾನೆ ಎಂದುಕೊಂಡೆ. ಹಿಡಿದುಕೊಳ್ಳಲಿಲ್ಲ.

"ಯಾರು ಬರೆದದ್ದು ಅಂತ ನಾನು ಕೇಳಲ್ಲ," ಎಂದ. "ಬರೆಯದೇ ಇದ್ದವನು ನಾನು."

ಆಮೇಲೆ ಒಂದೂವರೆ ಗಂಟೆ ಕೂತರು. ಬಿಂತಾಳ ಬಗ್ಗೆ, ಬಫಾತಾದ ನದಿಯ ಬಗ್ಗೆ. ಅವಳ ಮೊಮ್ಮಕ್ಕಳ ಫೋಟೊ ಹದಿನೇಳು. ಅಪ್ಪ ಒಂದೊಂದನ್ನೂ ಎರಡೆರಡು ಸಲ ನೋಡಿದ. ಹೊರಡುವಾಗ ಅವಳು, "ನಾಳೆ ಹನ್ನೆರಡಕ್ಕೆ ವಿಮಾನ," ಎಂದಳು. ಅಪ್ಪ ಬರುತ್ತೇನೆ ಎಂದ. ಅಪ್ಪಿಕೊಳ್ಳಲಿಲ್ಲ. ಕೈ ಕುಲುಕಿದರು, ಬಿಡುವುದು ಮರೆತರು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಇದ್ದಳು. ಅಪ್ಪ ಅವಳ ಭುಜ ಮುಟ್ಟಿ ಒಳಗೆ ಹೋದ. ಅಷ್ಟೇ. ಅದು ಬೈಗುಳಕ್ಕಿಂತ ಭಾರವಾಯಿತೇನೋ — ಅಮ್ಮ ಗೋಡೆ ಹಿಡಿದುಕೊಂಡಳು. ನನ್ನನ್ನು ಕೇಳಿದಳು: "ಅವಳಿಗೆ ಗೊತ್ತಾ?"

"ಹೆಂಗಸಿನ ಬರಹ ಅಂತ ಗೊತ್ತು. ಯಾರದು ಅಂತ ಕೇಳಲಿಲ್ಲ."

ಅಕ್ಟೋಬರ್ 18, ಶುಕ್ರವಾರ. ಬೆಳಿಗ್ಗೆ 8.30

ಟ್ಯಾಕ್ಸಿ ಒಂಬತ್ತಕ್ಕೆ. ಅಪ್ಪನ ಮಾತ್ರೆ ಚೀಲದಲ್ಲಿದೆ. ನೀರು ಇದೆ. ವಿಮಾನ ಸರಿಯಾದ ಹೊತ್ತಿಗಿದೆ ಎಂದು ನಾಲ್ಕು ಸಲ ನೋಡಿದೆ.

ಅಮ್ಮ ಬೆಳಿಗ್ಗೆ ಐದರಿಂದ ಅಡುಗೆಮನೆಯಲ್ಲಿ. ಮೀನಿನ ಕಡುಬು ಕರಿದು ಡಬ್ಬಿಗೆ ತುಂಬುತ್ತಿದ್ದಾಳೆ. "ಮುಸ್ಲಿಮರಲ್ವಾ, ಹಂದಿ ತಿನ್ನಲ್ವಲ್ಲ ಅವರು? ಎಣ್ಣೆ ಹೊಸದೇ ಹಾಕಿದೀನಿ," ಎಂದಳು.

ಈಗ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಮೆಟ್ಟಿಲಿಳಿಯುತ್ತಿದ್ದ ಅಪ್ಪ ಅವಳಿಗೆ ಜಾಗ ಬಿಟ್ಟು ಗೋಡೆಗೆ ಸರಿದ.

"ನಾನೇ ಹೇಳ್ತೀನಿ ಅವಳಿಗೆ," ಎನ್ನುತ್ತಿದ್ದಾಳೆ ಅಮ್ಮ. ತುಟಿ ಬೆಳ್ಳಗಾಗಿದೆ. "ಆದ್ರೆ ಪೀಪಾ, ಮೊದಲು ಏನಂತ ಕರೀಲಿ ಅವಳನ್ನ? ಹೊರಗಿನವರ ಹಾಗೆ ಸೆನ್ಯೋರಾ ಅನ್ನಲಾ, ಇಲ್ಲ ಮಗಳೇ ಅಂತ—"