ತುಂಬುತೋಳಿನೊಳಗಿನ ಬಸವನಹುಳು

ಸಾರ್ವಜನಿಕ ಆಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಮಗಳ ಎಡ ಮುಂಗೈ ಮೇಲೆ ಒಂದು ಬಸವನಹುಳುವಿನ ಹಚ್ಚೆ ಇದೆ. ಅದಕ್ಕಾಗಿ ತಾವು ಅವಳನ್ನು ಮಕ್ಕಳ ವಾರ್ಡಿನ ನರ್ಸ್ ಕೆಲಸದಿಂದ ಎತ್ತಿ, ನೆಲಮಾಳಿಗೆಯ ಹಳೆ ಕಡತಗಳ ಕೋಣೆಯಲ್ಲಿ ಕೂರಿಸಿದ್ದೀರಿ. ಬರುವ ಸೋಮವಾರ ವಿಚಾರಣೆ ನಡೆಸಿ, ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸುವವರಿದ್ದೀರಿ. ಇದೇ ವಿಷಯವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ತಮಗೆ ಬರೆದಿದ್ದೆ; ಉತ್ತರ ಬರಲಿಲ್ಲ. ಮುಚ್ಚಿಟ್ಟದ್ದಕ್ಕೆಲ್ಲ ಅಷ್ಟೊಂದು ಮರ್ಯಾದೆ ಕೊಡುವ ತಾವು ಮುಚ್ಚಿದ ಲಕೋಟೆಗೆ ಕೊಡಲಿಲ್ಲ. ಆದ್ದರಿಂದ ಈಗ ನಾಲ್ಕು ಜನರ ಮುಂದೆ ಬಿಚ್ಚಿ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮ್ಮ ಉಗ್ರಾಣದ ಗುಮಾಸ್ತರಿಗೆ ಗೊತ್ತು. ತಮ್ಮ ಸಿಬ್ಬಂದಿಗೆ ಸಮವಸ್ತ್ರ ಹೊಲಿದುಕೊಡುವ ದರ್ಜಿ. ಯಾರದೋ ಅಂಗಡಿಯ ಮೂಲೆಯಲ್ಲಿ ಕುಳಿತು ಗುಂಡಿ ಹಚ್ಚುವುದರಿಂದ ಶುರುಮಾಡಿ, ಇವತ್ತು ನನ್ನದೇ ಬೋರ್ಡು ಹಾಕಿಕೊಂಡು ಬದುಕುತ್ತಿದ್ದೇನೆ. ಓದಿದ್ದು ಕಡಿಮೆ, ಮಾತು ಸ್ವಲ್ಪ ಜಾಸ್ತಿ, ಲೆಕ್ಕ ಮಾತ್ರ ಯಾರಿಗೂ ಬಿಟ್ಟುಕೊಡುವವನಲ್ಲ. ಅಳತೆಪಟ್ಟಿ ಹಿಡಿದವನಿಗೆ ಒಂದು ಅನುಕೂಲವಿದೆ, ಮಾನ್ಯರೇ. ಪರದೆಯ ಹಿಂದೆ ಅಂಗಿ ಕಳಚಿ ನಿಂತವರನ್ನು ಅವನು ನೋಡಿರುತ್ತಾನೆ. ಊರಿಗೆ ಬುದ್ಧಿ ಹೇಳುವ ಮೇಷ್ಟರ ಭುಜದ ಮೇಲೆ ರೆಕ್ಕೆ ಬಿಚ್ಚಿದ ಹದ್ದು ನೋಡಿದ್ದೇನೆ. ಬ್ಯಾಂಕಿನ ಮ್ಯಾನೇಜರರ ಎದೆಯ ಮೇಲೆ ಒಂದು ಹೆಸರು ನೋಡಿದ್ದೇನೆ. ಅದು ಅವರ ಹೆಂಡತಿಯ ಹೆಸರಲ್ಲ. ನಾನು ಎದೆಯ ಸುತ್ತಳತೆ ಬರೆದುಕೊಂಡೆ, ಹೆಸರು ಬರೆದುಕೊಳ್ಳಲಿಲ್ಲ. ಅಂಗಿ ಸರಿಯಾಗಿ ಕೂತರೆ ಆಯಿತು, ಅದರೊಳಗೆ ಏನಿದೆ ಎಂಬುದು ದರ್ಜಿಯ ಬಾಬತ್ತಲ್ಲ. ಆಸ್ಪತ್ರೆಯ ಬಾಬತ್ತು ಹೇಗಾಯಿತು?

ಸಿಬ್ಬಂದಿಯ ಮೈ ಮೇಲಿನ ಹಚ್ಚೆ ಯಾರಿಗೂ ಕಾಣಬಾರದೆಂಬ ತಮ್ಮ ಸುತ್ತೋಲೆ ಬಂದ ಮೇಲೆ ಉಗ್ರಾಣದ ಗುಮಾಸ್ತರು ನನ್ನನ್ನು ಕರೆಸಿ ತುಂಬುತೋಳಿನ ಅಂಗಿಗಳಿಗೆ ಆರ್ಡರು ಕೊಟ್ಟರು.

"ಇನ್ಮೇಲೆ ಎಲ್ಲರಿಗೂ ತುಂಬುತೋಳಾ, ಸ್ವಾಮಿ?" ಎಂದೆ.

"ಅಯ್ಯೋ, ಎಲ್ಲರಿಗೂ ಎಲ್ಲಿ ಬಂತು. ಕೈ ಮೇಲೆ ಟ್ಯಾಟೂ ಗೀಟೂ ಇರೋರಿಗೆ ಮಾತ್ರ."

"ಮಿಕ್ಕೋರಿಗೆ?"

"ಮಿಕ್ಕೋರು ಮರ್ಯಾದಸ್ಥರಲ್ವೇನಪ್ಪಾ, ಅರ್ಧತೋಳು ಸಾಕು" ಎಂದು ನಕ್ಕರು. ಆಮೇಲೆ ನನ್ನ ಮಗಳ ನೆನಪಾಗಿರಬೇಕು. ನಗುವನ್ನು ಅರ್ಧಕ್ಕೇ ಕತ್ತರಿಸಿ, ಮೇಜಿನ ಮೇಲಿನ ಗುಂಡುಪಿನ್ನುಗಳನ್ನು ಜೋಡಿಸತೊಡಗಿದರು.

ಆ ಅಂಗಿಗಳು ವಾರ್ಡು ಹೊಕ್ಕ ಮೇಲೆ ಏನಾಯಿತೆಂದು ತಮ್ಮ ಕೋಣೆಯ ಗಾಜಿನೊಳಗಿಂದ ಕಾಣುವುದಿಲ್ಲ, ನಾನೇ ಹೇಳುತ್ತೇನೆ. ಮೊದಲು ನನ್ನ ಮಗಳ ಕೈಯ ಹತ್ತಿರ ಬಂದವರಿಗೆ ಮಾತ್ರ ಅವಳ ಹಚ್ಚೆ ಕಾಣುತ್ತಿತ್ತು. ಈಗ ಕಾರಿಡಾರಿನ ಆ ತುದಿಯಲ್ಲಿ ನಿಂತವನಿಗೂ ಗೊತ್ತಾಗುತ್ತದೆ: ತುಂಬುತೋಳು ತೊಟ್ಟವರೆಲ್ಲ 'ಅಂಥವರು'. ಹಚ್ಚೆ ಕಾಣದಿರಲೆಂದು ತೋಳು ಹೊಲಿಸಿದಿರಿ. ಈಗ ತೋಳೇ ಹಚ್ಚೆ. ಹಚ್ಚೆ ಹಾಕುವವನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಗಂಟೆಗಟ್ಟಲೆ ಮಾಡುವ ಕೆಲಸವನ್ನು ತಾವು ಒಂದೇ ಸಹಿಯಲ್ಲಿ ಮುಗಿಸಿದಿರಿ. ಭೇಷ್.

ವಾರ್ಡಿನಲ್ಲಿ ನೆಲ ಒರೆಸುವ ಒಬ್ಬ ಹಿರಿಯಾಕೆ ಇದ್ದಾರೆ. ವೈದ್ಯರಿಂದ ಹಿಡಿದು ಕೂಸುಗಳ ತನಕ ಎಲ್ಲರಿಗೂ ಆಕೆ ದೊಡ್ಡಮ್ಮ. ಆಕೆಯ ಬಲಗೈ ಬಹಳ ಹಿಂದೆ ಕುದಿಯುವ ನೀರಿಗೆ ಸಿಕ್ಕಿ ಬೆಂದದ್ದು. ತಮ್ಮ ಸುತ್ತೋಲೆ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಆಕೆ ನನ್ನ ಹತ್ತಿರ ಬಂದು, "ನಂಗೆ ಮಾತ್ರ ಉದ್ದ ತೋಳು ಇಡಪ್ಪ, ಮಕ್ಕಳು ಹೆದರ್ಕೋತವೆ" ಎಂದು ಹೊಲಿಸಿಕೊಂಡು ಹೋಗುತ್ತಿದ್ದರು. ಈಗ ರೋಗಿಯ ಕಡೆಯ ಹೆಂಗಸೊಬ್ಬಳು ಕಾರಿಡಾರಿನಲ್ಲಿ ಆಕೆಯನ್ನು ತಡೆದು, "ಈ ವಯಸ್ಸಲ್ಲಿ ನಿಮಗೂ ಇದ್ಯಂತಲ್ಲ ದೊಡ್ಡಮ್ಮ, ಏನು ಚಿತ್ರ ಬರೆಸ್ಕೊಂಡಿದೀರ?" ಎಂದು ಕೇಳಿದಳಂತೆ. ದೊಡ್ಡಮ್ಮ ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಹೇಳಿದ್ದನ್ನು ಇದ್ದಹಾಗೇ ಬರೆಯುತ್ತೇನೆ.

"ಇಷ್ಟು ವರ್ಷ ಮುಚ್ಕೊಂಡು ಬಂದಿದ್ದನ್ನ ಅವತ್ತು ಎಲ್ಲರ ಮುಂದೆ ಮೇಲೆತ್ತಿ ತೋರಿಸ್ದೆ ಕಣಪ್ಪಾ. ನೋಡಿ, 'ಸದ್ಯ!' ಅಂದ್ಲು. ಬೆಂದ ಕೈ ನೋಡಿ ಯಾರಾದ್ರೂ ಸದ್ಯ ಅಂತಾರಾ?"

ಈ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಸುತ್ತೋಲೆ ತಮ್ಮದು, ಉತ್ತರವೂ ತಮ್ಮಲ್ಲೇ ಇರಬೇಕು.

ಇನ್ನು ನನ್ನ ಮಗಳ ಅಪರಾಧಕ್ಕೆ ಬರುತ್ತೇನೆ. ವಾರ್ಡಿನ ಕೈತೊಳೆಯುವ ತೊಟ್ಟಿಯ ಮೇಲೆ ತಮ್ಮದೇ ಆಸ್ಪತ್ರೆಯ ಫಲಕವಿದೆ: ಮಗುವನ್ನು ಮುಟ್ಟುವ ಮೊದಲು ಮೊಣಕೈಯವರೆಗೆ ಕೈ ಬರಿದಾಗಿರಬೇಕು, ಗಡಿಯಾರ ಬೇಡ, ಉಂಗುರ ಬೇಡ, ತೋಳು ಬೇಡ. ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ಪುಟ್ಟ ಹುಡುಗನ ಗಾಯದ ಬಟ್ಟೆ ಬದಲಿಸಲು ಅವಳು ಫಲಕ ಹೇಳಿದಂತೆ ತೋಳು ಮೇಲಕ್ಕೆ ಮಡಚಿ ಕೈ ತೊಳೆದಳು. ಹುಡುಗನ ಸೋದರಮಾವ ಪಕ್ಕದಲ್ಲಿದ್ದರು.

"ಏನ್ರೀ ಇದು, ಆಸ್ಪತ್ರೆನಾ, ಜೈಲಾ? ಇಂಥವರನ್ನೆಲ್ಲ ಮಕ್ಕಳ ಹತ್ರ ಬಿಡ್ತೀರಾ?"

ಹುಡುಗನೇ ಉತ್ತರ ಕೊಟ್ಟನಂತೆ. "ಮಾಮಾ, ಅದು ಬಸವನಹುಳು. ಅದು ಅಕ್ಕನ ಕೈಯಿಂದ ನನ್ನ ಮಂಚಕ್ಕೆ ಬರೋಷ್ಟರಲ್ಲಿ ನನ್ನ ಕಾಲು ಸರಿಯಾಗುತ್ತಂತೆ. ಈಗಾಗ್ಲೇ ಹೊರಟಿದೆಯಂತೆ."

"ನೀನು ಸುಮ್ನಿರೋ."

ಮಾಮ ದೂರು ಕೊಟ್ಟರು. ಹಚ್ಚೆ ಪ್ರದರ್ಶಿಸಿದ್ದಕ್ಕೆ ಮೆಮೊ ಬಂತು. ಮರುದಿನ ಅವಳು ತೋಳು ಇಳಿಬಿಟ್ಟು ಬೆರಳು, ಅಂಗೈ ಮಾತ್ರ ತೊಳೆದುಕೊಂಡಳು. ಸ್ವಚ್ಛತೆಯ ತಪಾಸಣೆಗೆ ಬಂದವರು ಅದನ್ನು ಬರೆದುಕೊಂಡರು; ತೋಳು ಮಡಚದೆ ಕೈ ತೊಳೆದದ್ದಕ್ಕೆ ಇನ್ನೊಂದು ಮೆಮೊ ಬಂತು. ಎರಡಕ್ಕೂ ಸಹಿ ತಮ್ಮದೇ. ವಾರ್ಡಿನ ಹಿರಿಯ ಸಿಸ್ಟರ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ, "ಇನ್ನು ನೀನು ಆ ಕೈನ ಮನೇಲಿ ಬಿಟ್ಟು ಬರಬೇಕು ಕಣೇ, ಬೇರೆ ದಾರಿ ಇಲ್ಲ" ಎಂದರಂತೆ. ಜಮೆಯಲ್ಲಿ ಬರೆದರೂ ತಪ್ಪು, ಖರ್ಚಿನಲ್ಲಿ ಬರೆದರೂ ತಪ್ಪು ಎನ್ನುವ ಲೆಕ್ಕವನ್ನು ನನ್ನ ಅಂಗಡಿಯ ಹುಡುಗಿ ಬರೆದಿದ್ದರೆ, ಅವಳಿಗೆ ಮಧ್ಯಾಹ್ನ ರಜೆ ಕೊಟ್ಟು ಮಲಗಲು ಕಳಿಸುತ್ತಿದ್ದೆ. ತಮ್ಮಲ್ಲಿ ಇದಕ್ಕೆ ಶಿಸ್ತು ಎನ್ನುತ್ತಾರೆ.

ಹಚ್ಚೆ ಇದ್ದವರ ಬಗ್ಗೆ ತಮ್ಮ ಅಂಜಿಕೆ ಏನೆಂದು ಸುತ್ತೋಲೆಯಲ್ಲಿ ಬಿಡಿಸಿ ಬರೆದಿಲ್ಲ. "ಸಂಸ್ಥೆಯ ಘನತೆ" ಎಂದಷ್ಟೇ ಇದೆ. ಬಿಡಿಸಿ ಹೇಳುವ ಕೆಲಸವನ್ನು ಜನ ಪುಕ್ಕಟೆ ಮಾಡಿಕೊಡುತ್ತಾರೆ: ಅವರು ನಶೆ ಮಾಡುವವರು, ಮನೆ ಬಿಟ್ಟು ಓಡಿದವರು, ಜೈಲು ಕಂಡವರು, ಹೆಣ್ಣಾದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನವರು. ಮಾನ್ಯರೇ, ಬಸವನಹುಳುವನ್ನು ಗುರುತಾಗಿ ಇಟ್ಟುಕೊಂಡ ಪುಂಡರ ಗುಂಪು ಯಾವುದಾದರೂ ಇದೆಯೇ? ಅವರು ದರೋಡೆಗೆ ಹೊರಟು ತಲುಪುವಷ್ಟರಲ್ಲಿ ಬ್ಯಾಂಕು ಮುಚ್ಚಿರುತ್ತದೆ. ಸಾಲ ಮಾಡದೆ ಸ್ವಂತ ಮನೆ ಮಾಡಿಕೊಂಡು, ಅದನ್ನು ತಾನೇ ಹೊತ್ತು ತಿರುಗುವ ಜೀವಿ ಅದು. ನಮ್ಮಲ್ಲಿ ಎಷ್ಟು ಜನಕ್ಕೆ ಆ ಯೋಗ್ಯತೆ ಇದೆ? ಹೋಗಲಿ. ತಮ್ಮ ಔಷಧಿ ಕೋಣೆಯಿಂದ ಪೆಟ್ಟಿಗೆಗಟ್ಟಲೆ ಮಾತ್ರೆ ಹೊರಗೆ ಸಾಗಿಸಿ ಸಿಕ್ಕಿಬಿದ್ದವರು ನನ್ನ ಗಿರಾಕಿ. ಅವರಿಗೂ ಅಳತೆ ತೆಗೆದಿದ್ದೇನೆ. ಮೈ ಎಂದರೆ ತೊಳೆದಿಟ್ಟ ಹಲಗೆ, ಒಂದು ಚುಕ್ಕೆ ಇರಲಿಲ್ಲ. ಅವರು ಸಿಕ್ಕಿಬಿದ್ದ ಮೇಲೆ ಮೈ ಶುಭ್ರವಾಗಿರುವವರಿಗೆಲ್ಲ ಬೇರೆ ಅಂಗಿ ಹೊಲಿಸಿದಿರಾ?

ನನಗೂ ಈ ಹಚ್ಚೆ ಹಿಡಿಸಲಿಲ್ಲ. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಅವಳು ಮೊದಲ ಸಲ ತೋರಿಸಿದಾಗ, "ಯಾಕಮ್ಮಾ ಇದು?" ಎಂದೆ.

"ಚೆನ್ನಾಗಿದೆ ಅಂತ ಅಪ್ಪಾ."

"ಅಷ್ಟೇನಾ?"

"ಅಷ್ಟೇ."

ನನಗೆ ಆ 'ಅಷ್ಟೇ' ಸಾಲದೆ ಬಹಳ ದಿನ ಮುಖ ಊದಿಸಿಕೊಂಡಿದ್ದೆ. ಆದರೆ ನನಗೆ ಹಿಡಿಸದ ಬಣ್ಣದ ಬಟ್ಟೆ ತಂದ ಗಿರಾಕಿಗೂ ನಾನು ಅಂಗಿ ಹೊಲಿದು ಕೊಡುತ್ತೇನೆ. ಅವನ ನಡತೆಯ ವಿಚಾರಣೆ ಮಾಡುವುದಿಲ್ಲ.

ಕಳೆದ ವಾರ ತಾವು ನಮ್ಮಿಬ್ಬರನ್ನೂ ಕರೆಸಿ ತಣ್ಣಗಿನ ಕೋಣೆಯಲ್ಲಿ ಕೂರಿಸಿದಿರಿ. ಕುಡಿಯಲು ನೀರು ಕೊಟ್ಟಿರಿ. ಒಪ್ಪುತ್ತೇನೆ, ಒರಟಾಗಿ ಒಂದು ಮಾತೂ ಆಡಲಿಲ್ಲ. "ನೋಡಮ್ಮಾ, ನಾನೇನು ಹಳೇ ಕಾಲದವನಲ್ಲ. ಆದರೆ ಜನ ಏನಂತಾರೆ ಅಂತ ಯೋಚನೆ ಮಾಡಬೇಕಲ್ವಾ?" ಎಂದಿರಿ. ಲೇಸರಿನಲ್ಲಿ ಅಳಿಸಿಬಿಡು ಎಂದಿರಿ. ಅವಳು ಒಪ್ಪದಿದ್ದಾಗ ಕುರ್ಚಿ ಮುಂದಕ್ಕೆಳೆದು, ದನಿ ತಗ್ಗಿಸಿ ಹೇಳಿದಿರಿ: "ನಿಮ್ಮ ತಾಯಿ ತೀರಿಕೊಂಡಿದಾರೆ ಅಲ್ವಾ? ಅವರ ನೆನಪಿಗೆ ಹಾಕಿಸ್ಕೊಂಡಿದ್ದು ಅಂತ ಒಂದು ಸಾಲು ಬರೆದುಕೊಡು. ಭಾವನೆಯ ವಿಷಯ ಅಂತ ನಾನು ವಿನಾಯಿತಿ ಕೊಡ್ತೀನಿ. ಸೋಮವಾರದ ಗೋಜೇ ಇರಲ್ಲ."

"ಅದು ಅಮ್ಮನ ನೆನಪಿಗಲ್ಲ ಸರ್" ಎಂದಳು ಅವಳು.

"ಅಯ್ಯೋ, ಅದು ನನಗೂ ಗೊತ್ತು. ಬರೆದುಕೊಡು ಅಂದೆ ಅಷ್ಟೇ."

ನಾನು ವ್ಯವಹಾರಸ್ಥ, ಮಾನ್ಯರೇ. ಆ ಕ್ಷಣ ನನಗೆ ತಮ್ಮ ಮಾತು ಲಾಭದ್ದೆನಿಸಿತು. ಒಪ್ಪಿಕೋ ಎಂದು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಎದ್ದು ಕೈಮುಗಿದು ಹೊರಗೆ ನಡೆದಳು. ಮೆಟ್ಟಿಲಿಳಿಯುವಾಗ ರೇಗಿದೆ: "ಒಂದು ಸಾಲು ಗೀಚಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಅಪ್ಪಾ, ಉಗುರಿಗೆ ಬಣ್ಣ ಹಚ್ಚಿದ್ದಕ್ಕೇ ಅಮ್ಮ ನನ್ ಜೊತೆ ಎರಡು ದಿನ ಮಾತು ಬಿಟ್ಟಿದ್ಲು. ಈಗ ಅವಳ ತಲೆ ಮೇಲೆ ಈ ಹುಳ ಹಾಕ್ಲಾ? ಅವಳು ಬಂದು ಇಲ್ಲ ಅನ್ನೋಕೂ ಆಗಲ್ವಲ್ಲ."

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ನನ್ನ ಬಾಯಿ ಕಟ್ಟುವುದು ಅಷ್ಟು ಸುಲಭವಲ್ಲ. ನನ್ನ ಹೆಂಡತಿಯೊಬ್ಬಳಿಗೇ ಅದು ಬರುತ್ತಿತ್ತು.

ಆಮೇಲೆ ಯೋಚಿಸಿದೆ. ತಮ್ಮ ದೃಷ್ಟಿಯಲ್ಲಿ ಚರ್ಮದ ಮೇಲೆ ಶಾಯಿ ಇರುವುದು ತಪ್ಪಲ್ಲ, ಹಾಗಾದರೆ. ಶಾಯಿಯ ಹಿಂದೆ ಒಂದು ಅಳು ಇರಬೇಕು, ಅಷ್ಟೇ. ಸತ್ತ ತಾಯಿಯೋ, ವಾಸಿಯಾದ ದೊಡ್ಡ ಕಾಯಿಲೆಯೋ, ಏನಾದರೂ ಒಂದು ಶೋಕದ ರಸೀದಿ ತೋರಿಸಿದರೆ ಬಿಡುತ್ತೀರಿ. ಸುಮ್ಮನೆ ಚೆನ್ನಾಗಿದೆ ಎಂದು ಹಾಕಿಸಿಕೊಂಡವಳನ್ನು ಬಿಡುವುದಿಲ್ಲ. ತಮ್ಮ ಕೊರಳಿನ ಟೈಗೆ ಯಾವ ಶೋಕವಿದೆ? ಬಟ್ಟೆಯ ಕಸುಬಿನವನಾಗಿ ಹೇಳುತ್ತೇನೆ, ಅದು ಮಳೆಗೂ ಆಗುವುದಿಲ್ಲ, ಚಳಿಗೂ ಆಗುವುದಿಲ್ಲ. ಚೆನ್ನಾಗಿದೆ ಎಂದು ಕಟ್ಟಿಕೊಳ್ಳುತ್ತೀರಿ. ಯಾರೂ ತಮ್ಮನ್ನು ಕಡತಗಳ ಕೋಣೆಗೆ ಅಟ್ಟಿಲ್ಲ. ಇದೆಲ್ಲಕ್ಕಿಂತ ನನಗೆ ಹೆಚ್ಚು ಕಹಿಯಾದದ್ದು ಬೇರೆ: ನಿಜ ಹೇಳಿದವಳ ನಡತೆಯ ಮೇಲೆ ವಿಚಾರಣೆ, ಸುಳ್ಳು ಬರೆದಿದ್ದರೆ ಅದೇ ನಡತೆ ಚೊಕ್ಕಟ.

ಆದ್ದರಿಂದ ಈಗ ನಾನು ಕೇಳುವುದು ಇಷ್ಟು. ಆ ಸುತ್ತೋಲೆ ಹಿಂದಕ್ಕೆ ಪಡೆಯಿರಿ. ಎರಡು ಮೆಮೊಗಳಲ್ಲಿ ಯಾವುದು ಸರಿ ಎಂದು ತಾವೇ ಆರಿಸಿಕೊಂಡು ಇನ್ನೊಂದನ್ನು ಹರಿಯಿರಿ. ಕೈ ತೊಳೆಯುವುದನ್ನೇ ಆರಿಸಿಕೊಳ್ಳುತ್ತೀರೆಂದು ಮಕ್ಕಳ ಪುಣ್ಯದ ಮೇಲೆ ಭಾರ ಹಾಕಿದ್ದೇನೆ. ನನ್ನ ಮಗಳನ್ನು ಅರ್ಧತೋಳಿನಲ್ಲಿ ವಾರ್ಡಿಗೆ ಕಳಿಸಿ. ತುಂಬುತೋಳಿಗೆಂದು ಕತ್ತರಿಸಿಟ್ಟ ಬಟ್ಟೆಯನ್ನು ನಾನು ಇನ್ನು ಹೊಲಿಯುವುದಿಲ್ಲ. ಬೇರೆ ದರ್ಜಿ ಸಿಗುತ್ತಾನೆ, ಅದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಇದಾವುದೂ ಆಗದು, ಸೋಮವಾರ ಅವಳನ್ನು ತೆಗೆದೇ ತೆಗೆಯುತ್ತೇವೆ ಎನ್ನುವುದಾದರೆ, ಒಂದು ಉಪಕಾರ ಮಾಡಿ. ಆದೇಶದಲ್ಲಿ "ಅಶಿಸ್ತು" ಎಂದು ಬರೆಯಬೇಡಿ. "ಸಂಸ್ಥೆಯ ಘನತೆಗೆ ಕುಂದು" ಎಂದೂ ಬೇಡ. "ಮುಂಗೈ ಮೇಲೆ ಬಸವನಹುಳುವಿನ ಚಿತ್ರವಿದೆ, ಆದ್ದರಿಂದ ತೆಗೆಯಲಾಗಿದೆ" ಎಂದು ನೇರವಾಗಿ ಬರೆದು, ಮೊಹರು ಒತ್ತಿ, ಸಹಿ ಹಾಕಿ ಕೊಡಿ. ಅವಳು ಆ ಕಾಗದ ಹಿಡಿದುಕೊಂಡೇ ಬೇರೆ ಆಸ್ಪತ್ರೆಗಳ ಬಾಗಿಲು ತಟ್ಟಬೇಕು. ಅದರಲ್ಲಿ ಅಶಿಸ್ತು ಎಂದಿದ್ದರೆ, ಓದುವವರ ಮುಂದೆ ಪ್ರತಿ ಸಲ ಅವಳು ತಲೆ ತಗ್ಗಿಸಬೇಕಾಗುತ್ತದೆ. ಬಸವನಹುಳು ಎಂದಿದ್ದರೆ, ತಾವು.

ಇಂತಿ,
ತಮ್ಮ ಆಸ್ಪತ್ರೆಗೆ ಇನ್ನು ಅಂಗಿ ಹೊಲಿಯದ, ಆದರೆ ನಾಳೆ ಮೈಗೆ ಹುಷಾರು ತಪ್ಪಿದರೆ ಬೇರೆ ಗತಿಯಿಲ್ಲದೆ ಅಲ್ಲಿಗೇ ಬಂದು ಮಲಗಬೇಕಾದ
ಒಬ್ಬ ದರ್ಜಿ