ಎರಡರಲ್ಲಿ ಒಂದು ಮಾತ್ರ

ಪಕ್ಕದ ಮೇಜಿನ ಗಂಡನಿಗೆ,

ಬಾಯಿ ಬಿಟ್ಟರೆ ಇಡೀ ಆಫೀಸು ಕಿವಿ ನಿಮಿರಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಪ್ರೋಗ್ರಾಮಿಗೆ ಲಿಸ್ಪ್ ಭಾಷೆಯಲ್ಲಿ ನಾನು ಬರೆದಿದ್ದ ಫಂಕ್ಷನ್ನನ್ನು ನೀನು ಕಿಟಕಿ ಪಕ್ಕದ ಹೊಸಬಳ ಜೊತೆ ಕೂತು ತಿದ್ದಿದ್ದನ್ನು ನೋಡಿದೆ. ಕುರ್ಚಿಗಳು ಅಷ್ಟು ಹತ್ತಿರ ಯಾಕಿದ್ದವೆಂದು ಕೇಳುವುದಿಲ್ಲ.

ಎರಡು ಸಂಗತಿ ಕೊಟ್ಟು, ಅವುಗಳಲ್ಲಿ ಒಂದು ಮಾತ್ರ ನಿಜವಾಗಿದ್ದರೆ ನನ್ನ ಫಂಕ್ಷನ್ ‘ಹೌದು’ ಎನ್ನುತ್ತಿತ್ತು, ಅಷ್ಟೇ. ಅವಳು ತಿದ್ದಿ ಬರೆದದ್ದು ನಿಜವಾದ ಆ ಒಂದನ್ನೇ ಎತ್ತಿ ಕೈಗೆ ಕೊಡುತ್ತದೆ. ಹೊಟ್ಟೆ ಉರಿದರೂ ಒಪ್ಪುತ್ತೇನೆ, ಅವಳದೇ ವಾಸಿ. ಆದರೆ “ಎಷ್ಟು ಚೆನ್ನಾಗಿ ಬರ್ದಿದಾಳೆ ನೋಡೇ” ಅಂತ ನೀನು ಊಟದ ಹೊತ್ತಲ್ಲೂ ಹೇಳಬೇಕಿರಲಿಲ್ಲ.

ಬೆಳಿಗ್ಗೆ ಮನೆಯಲ್ಲಿ “ನಿಂಗೆ ಬೇಕಿರೋದು ಅವಳಾ, ನಾನಾ?” ಎಂದು ಕೇಳಿದೆ. ನೀನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ “ಹೂಂ” ಎಂದೆ. ಅದು ನನ್ನ ಹಳೇ ಫಂಕ್ಷನ್ನಿನ ಉತ್ತರ.

ನಾನಿವತ್ತು ಬೇಗ ಹೊರಡುತ್ತೇನೆ. ಬರುವಾಗ ಹಾಲು ತಾ. ಅವಳ ಫಂಕ್ಷನ್ ಕೊಡುವಂಥ ಉತ್ತರವನ್ನೂ ತಾ. ‘ಇಬ್ಬರೂ’ ಎನ್ನುವ ಜಾಣತನ ಮಾತ್ರ ಬೇಡ. ಎರಡೂ ನಿಜವೆಂದರೆ ಕೈಗೆ ಏನೂ ಸಿಗುವುದಿಲ್ಲ. ಆ ವಿಷಯದಲ್ಲಿ ಅವಳದೂ ನನ್ನದೂ ಒಂದೇ ಮಾತು.

ಸದ್ಯಕ್ಕೆ ನಿನ್ನ,
ಹೆಂಡತಿ